ಸೋವಿಗೆ ಬಂದ ಜಾಗ, ಫರಸಿ ಮುಚ್ಚಿದ ಬಾವಿ

ಹೋದ ವರ್ಷ ದೀಪಾವಳಿಗೆ ಊರಿಗೆ ಬಂದಾಗ ನಮ್ಮಲ್ಲೊಬ್ಬಳ ಅಪ್ಪ ಊಟಕ್ಕೆ ಕುಳಿತಲ್ಲೇ ಒಂದು ಸುದ್ದಿ ತೆಗೆದರು.

“ಹತ್ತ ಗುಂಟೆ ಜಾಗಾ ಐತಿ. ರಸ್ತಾಕ್ಕ ಹತ್ತೇತಿ. ಬಾಜೂದವರು ಹೇಳೂ ರೇಟಿನ ಅರ್ಧಕ್ಕ ಕೊಡ್ತಾರಂತ. ಸಾಲಾ ಮಾಡಿಯಾದ್ರೂ ಹಿಡಿಬೇಕಂತ ಮಾಡೇನಿ.”

“ಅಷ್ಟ ಸೋವಿ ಯಾಕಪಾ?”

“ಮದಲ ಅಲ್ಲಿ ಬಣ್ಣದ ಕಾರ್ಖಾನಿ ಇತ್ತಲ್ಲ, ಅದ ಜಾಗಾ.”

ಇಲ್ಲಿ ಬರೆಯುವ ನಾವು ನಾಲ್ಕು ಮಂದಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಹೀಗೆ ತಾಲೂಕಿಗೊಬ್ಬರು. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನವರು. ಆ ಜಾಗ ಈ ನಾಲ್ಕು ತಾಲೂಕುಗಳ ಒಳಗೇ ಇದೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಯಾಕೆ ಅನ್ನುವುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಮರುದಿನ ನಾಲ್ವರೂ ಜಾಗ ನೋಡಲು ಹೋದೆವು. ಪತ್ರಾಸು ಹಾರಿಹೋದ ಒಂದು ಶೆಡ್ಡು. ನೂಲಿನ ಲಡಿ ಅದ್ದುತ್ತಿದ್ದ ಸಿಮೆಂಟಿನ ತೊಟ್ಟಿಗಳು. ಗೋಡೆಯ ಮೇಲೆ ಕೆಂಪು, ನೀಲಿ, ಹಸಿರು ಕಲೆಗಳು ಇನ್ನೂ ಹಾಗೇ ಇವೆ. ಸುತ್ತಲೂ ಜಾಲಿಕಂಟಿ ದಟ್ಟವಾಗಿ ಬೆಳೆದಿದೆ. ಹಿಂದಿನ ಮೂಲೆಯ ಒಂದು ತಗ್ಗಿನಲ್ಲಿ ಮಾತ್ರ ಕಸಕಡ್ಡಿ ಕೂಡ ಬೆಳೆದಿಲ್ಲ. ಅಲ್ಲಿಂದ ಹದಿನೈದು ಹೆಜ್ಜೆಗೆ ಬಾವಿ. ಬಾಯಿಗೆ ನಾಲ್ಕು ಫರಸಿ ಕಲ್ಲು ಹೊಚ್ಚಿದ್ದರು.

ಒಂದು ಕಲ್ಲು ಸರಿಸಿ ಕೊಡ ಇಳಿಬಿಟ್ಟೆವು. ಬಂದ ನೀರು ಹಾಲು ಹಾಕದ ಚಹಾದ ಬಣ್ಣ. ಕೊಡ ಅಲುಗಾಡಿಸಿದರೆ ನೊರೆ ಬಂತು. ಬಾಜೂ ಮನೆಯ ಆಯಿ ಬೇಲಿಯಾಚೆ ನಿಂತು ನೋಡುತ್ತಿದ್ದಳು. “ಅದನ್ಯಾಕ ತಗದ್ರಿ ತಮ್ಮಾ? ನಮ್ಮ ಎಮ್ಮಿನೂ ಮೂಸಿ ನೋಡೂದಿಲ್ಲ ಆ ನೀರಾ” ಅಂದಳು.

ಜಲಜೀವನ್ ಮಿಷನ್ನಿನಡಿ ಜಿಲ್ಲೆ, ತಾಲೂಕುಗಳಲ್ಲಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯಗಳಿವೆ. ಸಾಮಾನ್ಯ ಜನರೂ ಬಾಟಲಿಯಲ್ಲಿ ನೀರು ಒಯ್ದು ಕೊಡಬಹುದು. ನಾವೂ ಒಂದು ಕಡೆ ಕೊಟ್ಟೆವು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದ ಕಡೆ 2,000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಸಂಸ್ಥೆ. ಆ ಬಾವಿಯ ನೀರು ಎರಡನೆಯ ಗೆರೆಯನ್ನೂ ದಾಟಿತ್ತು. “ಇದು ಬರೇ ಉಪ್ಪಿನ ಲೆಕ್ಕರಿ. ಬಣ್ಣದ ರಾಸಾಯನಿಕ ಏನೇನ ಐತಿ ಅಂತ ನೋಡ್ಬೇಕಂದ್ರ ದೊಡ್ಡ ಲ್ಯಾಬಿಗೆ ಕಳಸ್ಬೇಕು. ಖರ್ಚ ನಿಮ್ಮದು” ಎಂದರು ಅಲ್ಲಿಯವರು.

ಖರ್ಚು ನಿಮ್ಮದು. ಈ ಎರಡು ಮಾತು ಆಮೇಲೆ ಎಷ್ಟು ಕಡೆ ಕೇಳಿದೆವೋ ಲೆಕ್ಕವಿಲ್ಲ.

ಅಪ್ಪ ಹೇಳಿದ ಮಾತು

ರಾತ್ರಿ ಕಾಗದ ತಂದು ಅಪ್ಪನ ಮುಂದಿಟ್ಟೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು:

“ಆ ತಗ್ಗಿಗೆ ನೀರ ಬಿಟ್ಟಾಂವ ನಾನ.”

ಅವರು ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದರು. ಇದು ನಮಗೆ ಗೊತ್ತಿತ್ತು. ಸಣ್ಣವರಿದ್ದಾಗ ಅವರ ಕೈ ಮೊಣಕೈವರೆಗೆ ಒಂದು ದಿನ ಕೆಂಪು, ಒಂದು ದಿನ ನೀಲಿ ಇರುತ್ತಿತ್ತು. ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರು. ಆದರೆ ಬಣ್ಣ ಹಾಕಿ ಉಳಿದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ನಾವು ಒಂದು ದಿನವೂ ಕೇಳಿರಲಿಲ್ಲ.

ಬಣ್ಣದ ಕೆಲಸ ಬಲ್ಲವರಿಗೆ ಇದು ಹೊಸದಲ್ಲ. ಹತ್ತಿ ನೂಲಿಗೆ ಬಣ್ಣ ಹಿಡಿಯಬೇಕಾದರೆ ಉಪ್ಪು ಬೇಕು, ಸೋಡಾ ಬೇಕು. ಕೆಲವು ಬಣ್ಣಕ್ಕೆ ಕಾಸ್ಟಿಕ್ ಮತ್ತು ಹೈಡ್ರೋ ಬೇಕು. ಹಾಕಿದ ಬಣ್ಣವೆಲ್ಲ ನೂಲಿಗೆ ಹತ್ತುವುದಿಲ್ಲ. ಒಂದು ಪಾಲು ನೀರಿನಲ್ಲೇ ಉಳಿಯುತ್ತದೆ. ಉಪ್ಪಂತೂ ಅಷ್ಟಕ್ಕಷ್ಟೂ ನೀರಿನಲ್ಲೇ. ಆ ನೀರನ್ನು ಶುದ್ಧ ಮಾಡುವ ಘಟಕ ಹಾಕುವ ಶಕ್ತಿ ಸಣ್ಣ ಮಾಲಕನಿಗೆ ಇರಲಿಲ್ಲ. ಗಟಾರಕ್ಕೆ ಬಿಟ್ಟರೆ ಓಣಿಯವರು ಜಗಳ ತೆಗೆಯುತ್ತಿದ್ದರು. ಅದಕ್ಕೆ ಹಿಂದೆ ತಗ್ಗು ತೋಡಿದರು. ತಗ್ಗಿನಲ್ಲಿ ಇಂಗಿದ್ದು ಬಾವಿಗೆ ಬಂತು.

“ಮಾಲಕ ಕೆಟ್ಟಾಂವ ಇರಲಿಲ್ಲ” ಅಂದರು ಅಪ್ಪ. “ನಿನ್ನ ಡಿಗ್ರಿ ಫೀಗೆ ಕೇಳದಂಗ ರೊಕ್ಕಾ ಕೊಟ್ಟಾಂವ ಅವ.”

ಆ ಮಾಲಕರು ಈಗ ಇಲ್ಲ. ಕಾರ್ಖಾನೆ ಅವರಿಗಿಂತ ಮೊದಲೇ ನಿಂತಿತ್ತು. ಉಳಿದವರು ಅವರ ಹೆಂಡತಿ. ನಾವು ಕಾಕು ಅಂತ ಕರೆಯುತ್ತೇವೆ, ಅಪ್ಪ ವೈನಿ ಅನ್ನುತ್ತಾರೆ. ಆ ಹತ್ತು ಗುಂಟೆ ಬಿಟ್ಟರೆ ಅವರ ಹೆಸರಿನಲ್ಲಿ ಬೇರೆ ಆಸ್ತಿ ಇಲ್ಲ. ಮೊಣಕಾಲಿನ ಆಪರೇಷನ್ನಿಗೆ, ಹಳೆಯ ಸಾಲಕ್ಕೆ ಅಂತ ಜಾಗ ಮಾರಲು ತೆಗೆದಿದ್ದರು.

ಇನ್ನು ಹೇಳಿರಿ. ಹೊಲಸು ಮಾಡಿದವರೇ ದಂಡ ತೆರಬೇಕು ಎಂದು ನಾವು ತರಗತಿಯಲ್ಲಿ ಬರೆದು ಅಂಕ ತೆಗೆದುಕೊಂಡವರು. ಇಲ್ಲಿ ಹೊಲಸು ಮಾಡಿದವರು ಯಾರು? ತೀರಿಹೋದ ಮಾಲಕರೇ, ಕೂಲಿಗೆ ದುಡಿದ ಅಪ್ಪನೇ, ಆ ಕೂಲಿಯಲ್ಲಿ ಓದಿದ ನಾವೇ?

ಬಂಗಾರದ ಊರಿನ ಬೂದು ಗುಡ್ಡ

ಈ ಪ್ರಶ್ನೆ ಇಟ್ಟುಕೊಂಡು ನಾವು ಕೋಲಾರದ ಕೆಜಿಎಫ್‌ಗೆ ಹೋಗಿಬಂದೆವು. ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ರೈಲಿಗೆ ಬಂಗಾರಪೇಟೆ ದಾಟಿ ಮಾರಿಕುಪ್ಪಂ. ಕರ್ನಾಟಕದಲ್ಲಿ ಮುಚ್ಚಿದ ದೊಡ್ಡ ಉದ್ಯಮವೊಂದರ ಹಿಂದೆ ಏನು ಉಳಿಯುತ್ತದೆ ಅಂತ ನೋಡಬೇಕಾದರೆ ಅದಕ್ಕಿಂತ ದೊಡ್ಡ ಜಾಗ ಇಲ್ಲ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗಿಂತ ಮೊದಲು ಆ ಗಣಿಗಳಿಗೆ ಹೋಯಿತು. ಮೂರು ಕಿಲೋಮೀಟರಿಗೂ ಆಳ ಇಳಿದು ಜನ ಕಲ್ಲು ಒಡೆದರು. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿನಷ್ಟು ಬಂಗಾರ ಹೊರಬಂತು. 2001ರ ಫೆಬ್ರವರಿ 28ರಂದು ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಗಣಿ ಮುಚ್ಚಿತು.

ಬಂಗಾರ ಹೊರಗೆ ಹೋಯಿತು. ಪುಡಿ ಅಲ್ಲೇ ಉಳಿಯಿತು. ಕಲ್ಲನ್ನು ಹಿಟ್ಟಿನ ಹಾಗೆ ಬೀಸಿ, ಸೈನೈಡ್ ನೀರಿನಲ್ಲಿ ಬಂಗಾರ ಕರಗಿಸಿ ತೆಗೆದ ಮೇಲೆ ಉಳಿದ ರಾಡಿಯನ್ನು ಊರಿನ ಮಗ್ಗುಲಲ್ಲೇ ಸುರಿದರು. ಅದು ಒಣಗಿ ಗುಡ್ಡವಾಗಿದೆ. ಅಂಥ 13 ಗುಡ್ಡಗಳು, ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ. ಅಲ್ಲಿಯ ಜನ ಸೈನೈಡ್ ದಿಬ್ಬ ಅನ್ನುತ್ತಾರೆ. 2018ರ ‘ಕೆಜಿಎಫ್’ ಸಿನಿಮಾದಲ್ಲಿ ಯಶ್ ಹಿಂದೆ ಕಾಣುವ ಆ ಬೂದು ನೆಲ ಇಂಥ ದಿಬ್ಬಗಳದ್ದೇ. ಸಿನಿಮಾ ಚಿತ್ರೀಕರಣ ಮುಗಿಸಿ ಹೋದವರಿಗೆ ಧೂಳು ಬಟ್ಟೆಗೆ ಹತ್ತಿತು. ಅಲ್ಲೇ ಉಳಿದವರಿಗೆ ಉಸಿರಿಗೆ ಹತ್ತುತ್ತದೆ. ಗಾಳಿಯ ದಿನಗಳಲ್ಲಿ ಅಡುಗೆ ಪಾತ್ರೆ ಮುಚ್ಚಿಡಬೇಕು ಅಂತ ಅಲ್ಲಿಯ ಹೆಂಗಸರು ಹೇಳಿದರು. ಮಳೆಗೆ ದಿಬ್ಬದ ಮೈಯಲ್ಲಿ ಬಿದ್ದ ಕೊರಕಲುಗಳನ್ನು ನಾವೇ ನೋಡಿದೆವು. ನಮ್ಮಲ್ಲಿ ಬದು ಒಡೆದ ಎರೆಹೊಲ ಇರುತ್ತದಲ್ಲ, ಹಾಗೆ.

ಸೈನೈಡ್ ಬಿಸಿಲಿಗೆ ಕಾಲ ಕಳೆದ ಹಾಗೆ ಒಡೆಯುತ್ತದೆ. ಆದರೆ ಕಲ್ಲಿನಲ್ಲಿದ್ದ ಲೋಹಗಳು ಒಡೆಯುವುದಿಲ್ಲ. ಪುಡಿಯಾದ ಕಲ್ಲಿನಿಂದ ಅವು ಗಾಳಿಗೂ ನೀರಿಗೂ ಸುಲಭವಾಗಿ ಸೇರುತ್ತವೆ.

ಗಣಿ ನಡೆದಾಗ ಲಾಭ ಬಂತು. ಗಣಿ ಮುಚ್ಚುವ ದಿನ ಕಂಪನಿಯ ಪೆಟ್ಟಿಗೆ ಖಾಲಿ. ದಿಬ್ಬ ಸರಿಪಡಿಸಲು ಎಂದು ಯಾರೂ ಒಂದು ಕಡೆ ದುಡ್ಡು ತೆಗೆದಿಟ್ಟಿರಲಿಲ್ಲ. ಕಾರ್ಮಿಕರ ಬಾಕಿಗೇ ವರ್ಷಗಟ್ಟಲೆ ಹೋರಾಟ ನಡೆಯಿತು.

2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಂದು ಒಪ್ಪಿಗೆ ಕೊಟ್ಟಿತು. ಸುಮಾರು 1,003 ಎಕರೆಯಲ್ಲಿರುವ ಆ 13 ದಿಬ್ಬಗಳ ಪುಡಿಯಿಂದ ಮತ್ತೆ ಬಂಗಾರ ತೆಗೆಯಲು ಹರಾಜು ಮಾಡಬಹುದು ಎಂದು. ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಬಂಗಾರ ಇನ್ನೂ ಅದರಲ್ಲಿದೆ. ಬಂಗಾರದ ದರ ಏರಿದ್ದರಿಂದ ಅಷ್ಟಕ್ಕೂ ಬೆಲೆ ಬಂದಿದೆ. ಅಂದರೆ ಅಲ್ಲಿಯ ಕಸದೊಳಗೇ ಕಸ ತೆಗೆಯುವ ದುಡ್ಡು ಇದೆ ಎಂಬುದು ಲೆಕ್ಕ. ಲೆಕ್ಕ ಚೆನ್ನಾಗಿದೆ. ಆದರೆ ಬಂಗಾರ ತೆಗೆದ ಮೇಲೂ ಪುಡಿ ಮೂರು ಕೋಟಿ ಟನ್ನೇ ಇರುತ್ತದೆ. ಅದನ್ನು ಎಲ್ಲಿ, ಹೇಗೆ ಇಡುತ್ತಾರೆ, ಅದರ ಮೇಲೆ ಮಣ್ಣು ಹೊಚ್ಚಿ ಗಿಡ ಬೆಳೆಸುವ ಖರ್ಚು ಕರಾರಿನಲ್ಲಿ ಯಾರ ಹೆಸರಿಗೆ ಇದೆ ಅಂತ ಕೆಜಿಎಫ್ ಜನ ಕೇಳಬೇಕು.

ನಮ್ಮ ಬಾವಿಯ ರಾಡಿಯಲ್ಲಿ ಬಂಗಾರ ಇಲ್ಲ. ಅದನ್ನು ಹರಾಜಿಗೆ ಹಿಡಿಯಲು ಯಾರೂ ಬರುವುದಿಲ್ಲ.

ಬಣ್ಣದ ಬೇರು ಹುಡುಕಿದರೆ

ನೂಲಿನ ಬಣ್ಣಗಳನ್ನು ತಯಾರಿಸಲು ಬೇಕಾಗುವ ಒಂದು ರಾಸಾಯನಿಕದ ಹೆಸರು ಎಚ್-ಆ್ಯಸಿಡ್. ರಾಜಸ್ಥಾನದ ಉದಯಪುರದ ಹತ್ತಿರ ಬಿಚಡಿ ಎಂಬ ಹಳ್ಳಿಯಲ್ಲಿ 1980ರ ದಶಕದ ಕೊನೆಗೆ ಅದನ್ನು ತಯಾರಿಸಿದರು. ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿರುವ ಲೆಕ್ಕ ನೋಡಿರಿ. ಅಲ್ಲಿಯ ಒಂದು ಕಾರ್ಖಾನೆ ತೆಗೆದ ಮಾಲು 375 ಟನ್. ಅದರಿಂದ ಹೊರಬಿದ್ದ ರಾಡಿ ಸುಮಾರು 2,440 ಟನ್. ಕಾರ್ಖಾನೆ ನಿಂತಿತು. ಬಾವಿಗಳ ನೀರು ಮಾತ್ರ ಬಣ್ಣ ತಿರುಗಿ ಕುಡಿಯಲಿಕ್ಕೂ ಹೊಲಕ್ಕೂ ಬಾರದಂತಾಯಿತು.

1989ರಲ್ಲಿ ಕೋರ್ಟಿಗೆ ಅರ್ಜಿ ಹೋಯಿತು. 1996ರ ಫೆಬ್ರವರಿ 13ರಂದು ತೀರ್ಪು ಬಂತು. ಕೆಡಿಸಿದವರೇ ಸರಿಪಡಿಸುವ ಖರ್ಚು ಕೊಡಬೇಕು ಎಂದು ನಮ್ಮ ದೇಶದಲ್ಲಿ ಗಟ್ಟಿಯಾಗಿ ಹೇಳಿದ ತೀರ್ಪು ಅದು. ಆಮೇಲೆ ಖರ್ಚು 37.385 ಕೋಟಿ ರೂಪಾಯಿ ಎಂದು ನಿಗದಿಯಾಯಿತು. ಕಂಪನಿ ಕೊಡಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿತು. 2011ರ ಜುಲೈ 18ರಂದು ಸುಪ್ರೀಂ ಕೋರ್ಟ್ ಸಿಟ್ಟಾಗಿ, 1997ರಿಂದ ಶೇಕಡಾ 12ರ ಚಕ್ರಬಡ್ಡಿ ಸೇರಿಸಿ ಕೊಡಬೇಕು, ಮೇಲೆ 10 ಲಕ್ಷ ದಂಡ ಎಂದಿತು.

ಅರ್ಜಿಯಿಂದ ಆ ಆದೇಶಕ್ಕೆ 22 ವರ್ಷ. ಅಷ್ಟರಲ್ಲಿ ಬಿಚಡಿಯಲ್ಲಿ ಹುಟ್ಟಿದ ಕೂಸು ಮದುವೆ ವಯಸ್ಸಿಗೆ ಬಂದಿತ್ತು. ಕಂಪನಿಗೆ ಹೆಸರು, ವಿಳಾಸ, ಆಸ್ತಿ ಎಲ್ಲ ಇದ್ದ ಕಡೆ ಹೀಗೆ. ಭೋಪಾಲದಲ್ಲೂ ಅಷ್ಟೇ. 1984ರ ಡಿಸೆಂಬರ್‌ನಲ್ಲಿ ಅನಿಲ ಸೋರಿತು. ಕಾರ್ಖಾನೆಯೊಳಗೆ ಬಿದ್ದಿದ್ದ 337 ಟನ್ ವಿಷಕಸ ಅಲ್ಲಿಂದ ಪೀಥಂಪುರಕ್ಕೆ ಹೊರಟಿದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷದ ಮೇಲೆ. ಅದಕ್ಕಾದ 126 ಕೋಟಿ ರೂಪಾಯಿ ಸರ್ಕಾರದ್ದು, ಅಂದರೆ ನಮ್ಮ ನಿಮ್ಮ ತೆರಿಗೆಯದು.

ಸೋವಿ ಜಾಗದ ಕಥೆ ಬೇರೆ ದೇಶದಲ್ಲೂ ಇದೆ. ಅಮೆರಿಕದ ನಯಾಗರಾ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಎಂಬ ಕಾಲುವೆ ಇತ್ತು. ಹೂಕರ್ ಎಂಬ ರಾಸಾಯನಿಕ ಕಂಪನಿ ಅದರಲ್ಲಿ ಹತ್ತು ವರ್ಷ ವಿಷಕಸ ಹೂಳಿ, ಮೇಲೆ ಮಣ್ಣು ಎಳೆದು, 1953ರಲ್ಲಿ ಶಾಲಾ ಮಂಡಳಿಗೆ ಮಾರಿತು. ಬೆಲೆ ಒಂದೇ ಒಂದು ಡಾಲರ್. ಮುಂದೆ ಏನಾದರೂ ನಾವು ಹೊಣೆಯಲ್ಲ ಎಂದು ಕಾಗದದಲ್ಲಿ ಬರೆಸಿಕೊಂಡಿತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆ ಎದ್ದವು. 1978ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಸಾರಿ ಜನರನ್ನು ಎಬ್ಬಿಸಬೇಕಾಯಿತು. ಅದಾದ ಮೇಲೆ 1980ರಲ್ಲಿ ಅವರು ಒಂದು ಕಾನೂನು ಮಾಡಿದರು. ರಾಸಾಯನಿಕ ಮತ್ತು ತೈಲ ಕಂಪನಿಗಳ ಮೇಲೆ ತೆರಿಗೆ ಹಾಕಿ ಒಂದು ನಿಧಿ ಕೂಡಿಟ್ಟು, ಹೊಣೆಗಾರ ಸಿಗದ ಕಡೆ ಆ ನಿಧಿಯಿಂದ ನೆಲ ಸರಿಪಡಿಸುವುದು. 1995ರಲ್ಲಿ ತೆರಿಗೆಯ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ನಿಧಿ ಸೊರಗಿತು. 2021ರಲ್ಲಿ ಮತ್ತೆ ತೆರಿಗೆ ತರಬೇಕಾಯಿತು.

ದುಡ್ಡು ಮೊದಲು ಕೂಡಿದರೆ

ನಮ್ಮ ರಾಜ್ಯದಲ್ಲೇ ದುಡ್ಡು ಕೂಡಿಟ್ಟ ಉದಾಹರಣೆ ಇದೆ. ಬಳ್ಳಾರಿ ಕಡೆ ಕಬ್ಬಿಣದ ಅದಿರಿಗಾಗಿ ಗುಡ್ಡ ಬಗೆದಾಗ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮತ್ತೆ ಶುರು ಮಾಡಲು ಬಿಟ್ಟಾಗ ಅದಿರು ಮಾರಿದ ಹಣದಲ್ಲಿ ಒಂದು ಪಾಲನ್ನು ಹಾಳಾದ ಪ್ರದೇಶಕ್ಕೆ ಎಂದೇ ತೆಗೆದಿಡಿಸಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಅದರಿಂದ ಸುಮಾರು 24,996 ಕೋಟಿ ರೂಪಾಯಿಯ ಯೋಜನೆ ಆಗಿದೆ. ಅದಕ್ಕೆಂದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ.

ಎರಡು ಊರು ಪಕ್ಕಪಕ್ಕ ಇಟ್ಟು ನೋಡಿರಿ. ಮಾಲು ಮಾರುವಾಗಲೇ ಪಾಲು ಹಿಡಿದ ಕಡೆ ಸಾವಿರಾರು ಕೋಟಿ ಕೂಡಿತು. ಎಲ್ಲ ಮುಗಿದ ಮೇಲೆ ಕೈ ಚಾಚಿದ ಕೆಜಿಎಫ್‌ನಲ್ಲಿ ಧೂಳು ಉಳಿಯಿತು. ಕೂಡಿದ ದುಡ್ಡು ಸರಿಯಾಗಿ ಖರ್ಚಾಗುವಂತೆ ಕಾಯುವುದು ಇನ್ನೊಂದು ಕೆಲಸ, ಅದು ಬೇರೆ ಮಾತು. ದುಡ್ಡೇ ಇಲ್ಲದಿದ್ದರೆ ಕಾಯುವುದಕ್ಕೂ ಏನಿಲ್ಲ.

ಈಗ ಹೊಸ ನಿಯಮವೂ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆ ನಿಯಮ ಹೊರಡಿಸಿತು. ಹಳ್ಳಿಯವರಿಗೆ ಬೇಕಾದಷ್ಟನ್ನು ಇಲ್ಲಿ ಹೇಳುತ್ತೇವೆ.

ಒಂದು, ಇಂಥ ಜಾಗ ಕೆಟ್ಟಿದೆ ಎಂಬ ಸಂಶಯ ಬಂದರೆ ಅದನ್ನು ಗುರುತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಕೊಡುವುದು ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ ಕೆಲಸ. ಎರಡು, ಮಂಡಳಿ 90 ದಿನದಲ್ಲಿ ಮೊದಲ ತಪಾಸಣೆ ಮಾಡಬೇಕು, ಬೇಕೆನಿಸಿದರೆ ವಿವರವಾದ ತಪಾಸಣೆಗೆ ಮತ್ತೆ ಮೂರು ತಿಂಗಳು. ಮೂರು, ಕೆಡಿಸಿದವರು ಯಾರೆಂದು ಗೊತ್ತುಮಾಡಿ ಖರ್ಚು ಅವರಿಂದ ವಸೂಲಿ ಮಾಡಬೇಕು. ಅವರು ಸಿಗದಿದ್ದರೆ, ಕೊಡುವ ಶಕ್ತಿ ಇಲ್ಲದಿದ್ದರೆ, ಕೇಂದ್ರ ಮತ್ತು ರಾಜ್ಯ ಸೇರಿ ಖರ್ಚು ನೋಡಬೇಕು.

ಕೊರತೆಯೂ ಇದೆ. ಗಣಿಗಾರಿಕೆಯಿಂದ ಕೆಟ್ಟ ಜಾಗಗಳನ್ನು ಈ ನಿಯಮದಿಂದ ಹೊರಗಿಟ್ಟಿದ್ದಾರೆ. ಜಾಗ ಕೆಟ್ಟಿದೆ ಎಂದು ಖಚಿತವಾದ ಮೇಲೆ ಇಷ್ಟೇ ದಿನದಲ್ಲಿ ಸರಿಪಡಿಸಿ ಮುಗಿಸಬೇಕು ಎಂಬ ಗಡುವು ಇಲ್ಲ. ನಿಯಮ ಬಂದಾಗ ದೇಶದಲ್ಲಿ ಗುರುತಿಸಿದ್ದ ಇಂಥ ಜಾಗ 103. ಸರಿಪಡಿಸುವ ಕೆಲಸ ಶುರುವಾಗಿದ್ದು ಏಳರಲ್ಲಿ ಮಾತ್ರ ಎಂದು ಪತ್ರಿಕೆಗಳು ಬರೆದವು. ನಮ್ಮ ಹತ್ತು ಗುಂಟೆಯಂಥ ಸಣ್ಣ ಜಾಗಗಳು ಪಟ್ಟಿಯ ಬಾಗಿಲಿಗೂ ಬಂದಿಲ್ಲ.

ನಮ್ಮ ತಗ್ಗಿನ ಲೆಕ್ಕ

ಕೈಲೆಕ್ಕ ಹಾಕಿದೆವು. ತಗ್ಗು ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ. ಕೆಳಗೆ ಹತ್ತು ಅಡಿ ಕೆಟ್ಟಿದೆ ಎಂದು ಹಿಡಿದರೆ 3,000 ಘನ ಅಡಿ. ಅಂದರೆ 30 ಬ್ರಾಸ್ ಮಣ್ಣು, ಹತ್ತು ಟಿಪ್ಪರ್ ಹತ್ತಿರ. ಮನೆ ಪಾಯ ತೋಡಿದ ಮಣ್ಣಾಗಿದ್ದರೆ ಒಂದೇ ದಿನದ ಕೆಲಸ. ಆದರೆ ಇದನ್ನು ಹಳ್ಳಕ್ಕೆ ಚೆಲ್ಲುವ ಹಾಗಿಲ್ಲ. ಅಪಾಯಕಾರಿ ಕಸ ಹೂಳಲು ವ್ಯವಸ್ಥೆ ಮಾಡಿದ ಒಂದು ಜಾಗ ಬೆಂಗಳೂರು ಕಡೆಯ ದಾಬಸ್‌ಪೇಟೆಯಲ್ಲಿದೆ. ನಮ್ಮಿಂದ ಐನೂರು ಕಿಲೋಮೀಟರಿನಷ್ಟು ದೂರ. ಮಣ್ಣಿನ ಪರೀಕ್ಷೆ, ಸಾಗಾಟ, ಹೂಳುವ ಶುಲ್ಕ, ಹೊಸ ಮಣ್ಣು ಎಲ್ಲ ಕೂಡಿಸಿದರೆ ಕಾಕೂ ಹೇಳಿದ ಜಾಗದ ಬೆಲೆಯೇ ಕರಗಿಹೋಗುತ್ತದೆ. ಬಾವಿ ನೀರು ಇನ್ನೂ ಬಾಕಿ.

ಜಾಗದ ಬೆಲೆಗಿಂತ ಸ್ವಚ್ಛ ಮಾಡುವ ಖರ್ಚು ಹೆಚ್ಚಾದರೆ ಏನಾಗುತ್ತದೆ? ಯಾರೂ ಮಾಡುವುದಿಲ್ಲ. ಫರಸಿ ಮುಚ್ಚುತ್ತಾರೆ. ಗೋಡೆಗೆ ಸುಣ್ಣ ಹೊಡೆಯುತ್ತಾರೆ. ಗೊತ್ತಿಲ್ಲದವರಿಗೆ ಮಾರುತ್ತಾರೆ. ಉತಾರದಲ್ಲಿ ಬಾವಿಯ ನೀರಿನ ಬಣ್ಣ ಬರೆದಿರುವುದಿಲ್ಲ.

ನಮ್ಮ ಭಾಗದ ರೈತರಿಗೆ ಸವುಳು-ಜವುಳು ಗೊತ್ತು. ಕೃಷ್ಣೆ, ಘಟಪ್ರಭೆಯ ನೀರನ್ನು ಕಬ್ಬಿಗೆ ಬಿಟ್ಟು ಬಿಟ್ಟು ಉಪ್ಪೆದ್ದ ಹೊಲ ಎಷ್ಟು ಊರಲ್ಲಿಲ್ಲ! ಆ ಹೊಲದಲ್ಲಿ ಕೊಳವೆ ಹೂಳಿ ಉಪ್ಪುನೀರು ಬಸಿದರೆ ಭೂಮಿ ತಿರುಗಿ ಬೆಳೆ ಕೊಡುತ್ತದೆ. ಒಬ್ಬ ರೈತನಿಂದ ಆಗದ ಖರ್ಚು ಅದು, ಅದಕ್ಕೇ ಸರ್ಕಾರದ ದುಡ್ಡು ಸೇರಿಸಿ ಗುಂಪಾಗಿ ಮಾಡುತ್ತಾರೆ. ಬಣ್ಣದ ತಗ್ಗಿಗೂ ಹಾಗೆ ಒಂದು ದಾರಿ ಇರಬಾರದೇಕೆ?

ಸಕ್ಕರೆ ಕಾರ್ಖಾನೆಗಳನ್ನೇ ತೆಗೆದುಕೊಳ್ಳಿರಿ. ನಮ್ಮ ಭಾಗದ ಕಾರ್ಖಾನೆಗಳಲ್ಲಿ ಈಗ ಸಕ್ಕರೆಯ ಜೊತೆ ಎಥೆನಾಲ್ ಕೂಡ ಬರುತ್ತದೆ. ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಕಂದು ನೀರು, ಸ್ಪೆಂಟ್ ವಾಶ್, ಹೊರಬೀಳುತ್ತದೆ. ಅದನ್ನು ಹೊರಗೆ ಬಿಡದೆ ಒಳಗೇ ಆವಿ ಮಾಡಿ ಸುಡಬೇಕು ಅಥವಾ ಗೊಬ್ಬರಕ್ಕೆ ಬಳಸಬೇಕು ಎಂಬ ನಿಯಮ ಇದೆ. ಕಾರ್ಖಾನೆ ನಡೆಯುವವರೆಗೆ ಕೇಳಲು ಒಂದು ಗೇಟು ಇರುತ್ತದೆ. ನಾಳೆ ಯಾವುದಾದರೂ ಮುಚ್ಚಿದರೆ ಅದರ ಲಗೂನು, ಅಂದರೆ ಆ ಕಂದು ನೀರಿನ ಕೆರೆ, ಯಾರ ತಲೆಗೆ?

ಗಣಿ ಮಾಲಕರು ಗಣಿ ಮುಚ್ಚುವಾಗಿನ ಕೆಲಸಕ್ಕೆ ಮೊದಲೇ ಭದ್ರತಾ ಹಣ ಇಡಬೇಕೆಂಬ ನಿಯಮ ಇಂದು ದೇಶದಲ್ಲಿದೆ. ಅದೇ ಪದ್ಧತಿ ಇಲ್ಲಿಗೂ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ ಒಂದು ಲಕ್ಷ ಲೀಟರ್ ಎಥೆನಾಲ್ ತೆಗೆಯುವ ಕಾರ್ಖಾನೆ ವರ್ಷಕ್ಕೆ 300 ದಿನ ನಡೆದರೆ ಮೂರು ಕೋಟಿ ಲೀಟರ್. ಲೀಟರಿಗೆ ಹತ್ತು ಪೈಸೆ ತೆಗೆದಿಟ್ಟರೆ ವರ್ಷಕ್ಕೆ 30 ಲಕ್ಷ, ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟು ಮೂರು ಕೋಟಿ. ಆ ದುಡ್ಡು ಕಾರ್ಖಾನೆಯ ಖಾತೆಯಲ್ಲಿ ಬೇಡ, ಸಾಲಗಾರರು ಮುಟ್ಟದ ಬೇರೆ ಖಾತೆಯಲ್ಲಿ ಇರಲಿ. ಕಬ್ಬಿನ ಬಿಲ್ಲಿನಲ್ಲಿ ಮುರಿಯುವುದೂ ಬೇಡ. ಕೊನೆಗೆ ನೆಲ ಚೊಕ್ಕ ಇದ್ದರೆ ದುಡ್ಡು ಅವರಿಗೇ ವಾಪಸ್. ಹಾಗಾದರೆ ಚೊಕ್ಕ ಇಡುವುದರಲ್ಲಿ ಅವರಿಗೂ ಲಾಭ.

ಸಣ್ಣ ಬಣ್ಣದ ಮನೆಗಳಿಗೆ ಇದು ಆಗುವ ಮಾತಲ್ಲ. ನೇಕಾರರ ಗಳಿಕೆ ನಮಗೆ ಗೊತ್ತಿದೆ. ಅವರಿಂದ ಒಬ್ಬೊಬ್ಬರದೇ ಶುದ್ಧೀಕರಣ ಘಟಕ ಕೇಳಿದರೆ ಮಗ್ಗವೇ ನಿಲ್ಲುತ್ತದೆ. ಅವರಿಗೆ ಎಲ್ಲರೂ ಸೇರಿ ಬಳಸುವ ಘಟಕ ಬೇಕು, ಮುಚ್ಚಿದ ಹಳೆಯ ತಗ್ಗುಗಳಿಗೆ ಸರ್ಕಾರದ ನಿಧಿ ಬೇಕು. ಆ ಬಣ್ಣದ ಸೀರೆ ಉಟ್ಟವರು ಎಲ್ಲೆಲ್ಲೋ ಇದ್ದಾರೆ. ಖರ್ಚು ಒಂದು ಓಣಿಯ ಮೇಲೆ ಮಾತ್ರ ಬೀಳುವುದು ನ್ಯಾಯವಲ್ಲ.

ಹೇಳುವುದೋ, ಬಿಡುವುದೋ

ಅಪ್ಪ ಜಾಗ ಹಿಡಿಯಲಿಲ್ಲ. ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಹದಿನೈದು ದಿನಕ್ಕೆ ಬೇರೆ ಊರಿನ ಒಂದು ಕುಟುಂಬ ಅದೇ ಜಾಗ ನೋಡಲು ಬಂತು. ಗಂಡ, ಹೆಂಡತಿ, ಎರಡು ಸಣ್ಣ ಮಕ್ಕಳು. “ಬಾವಿನೂ ಐತಿ, ಬೋರ್ ಹೊಡಸೂ ಖರ್ಚ ಉಳೀತು” ಅಂತ ಅವರು ಸಂತೋಷಪಟ್ಟರಂತೆ. ಇಸಾರ ಕೊಡಲು ಸೋಮವಾರ ಗೊತ್ತಾಗಿತ್ತು.

ಭಾನುವಾರ ರಾತ್ರಿ ನಾವು ನಾಲ್ವರೂ ಫೋನಿನಲ್ಲಿ ವಾದ ಮಾಡಿದೆವು. ಹೇಳಿದರೆ ಕಾಕೂನ ಮೊಣಕಾಲು, ಸಾಲ. ಹೇಳದಿದ್ದರೆ ಆ ಮಕ್ಕಳು. ಒಬ್ಬರು ಹೇಳಲೇಬೇಕು ಅಂದರು. ಒಬ್ಬರು ನಮಗೇಕೆ ಅಂದರು. ಕೊನೆಗೆ ಅಪ್ಪನೇ ಎದ್ದರು. “ನೀರ ಬಿಟ್ಟಾಂವ ನಾ. ಹೇಳಾಂವನೂ ನಾನ” ಅಂದು ಮೊದಲು ವೈನಿಯ ಮನೆಗೆ ಹೋದರು, ನಾವೂ ಹಿಂದೆ ಹೋದೆವು.

ಕಾಕು ಪರೀಕ್ಷೆಯ ಕಾಗದ ಓದಲಿಲ್ಲ. “ನಿಮಗ ಉಂಡ ಮನಿ ನೆನಪಾಗ್ಲಿಲ್ಲೇನೋ?” ಎಂದರು ಅಪ್ಪನಿಗೆ. ಅಪ್ಪ ತಲೆ ತಗ್ಗಿಸಿ ನಿಂತರು. “ನೆನಪೈತಿ ವೈನಿ. ಅದಕ ಮದಲ ನಿಮ್ಮ ಮನಿಗೆ ಬಂದೇನಿ.”

ಮರುದಿನ ಆ ಕುಟುಂಬಕ್ಕೆ ನೀರಿನ ಕಾಗದ ತೋರಿಸಿದೆವು. ಅವರು ಇಸಾರ ಕೊಡಲಿಲ್ಲ. ಕಾಕು ಈಗ ಅಪ್ಪನ ಜೊತೆ ಮಾತಾಡುವುದಿಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ ಕೊಡಲು ಹೋದಾಗ ಬಾಗಿಲು ತೆರೆಯಲಿಲ್ಲ.

ನಾವು ಮಾಡಿದ್ದು ಸರಿ ಎಂದೇ ಇಂದಿಗೂ ಅನಿಸುತ್ತದೆ. ಆದರೆ ಸರಿಯ ಬೆಲೆ ತೆತ್ತವರು ನಾವಲ್ಲ, ಮೊಣಕಾಲು ನೋವಿನ ಒಬ್ಬ ಹೆಂಗಸು. ಸ್ವಚ್ಛ ಮಾಡಲು ಒಂದು ನಿಧಿ ಇದ್ದಿದ್ದರೆ ನಾವು ಹೋಗಿ “ಕಾಕು, ಅರ್ಜಿ ಕೊಡೂಣು, ಸರಿ ಮಾಡಸೂಣು, ಆಮ್ಯಾಲ ಪೂರಾ ರೇಟಿಗೆ ಮಾರ್ರಿ” ಅನ್ನಬಹುದಿತ್ತು. ನಿಧಿ ಇಲ್ಲದ ಕಡೆ ನಿಜ ಹೇಳಿದವನು ಹಗೆಯಾಗುತ್ತಾನೆ. ಹಾಗಾಗಿ ಎಲ್ಲರೂ ಸುಮ್ಮನಿರುತ್ತಾರೆ. ನಾಲ್ಕು ತಾಲೂಕಿನಲ್ಲಿ ಇಂಥ ಎಷ್ಟು ಫರಸಿಗಳ ಕೆಳಗೆ ಎಷ್ಟು ಮಂದಿ ಸುಮ್ಮನಿದ್ದಾರೋ.

2025ರ ನಿಯಮ ಹಿಡಿದು ನಾವು ಒಂದು ಅರ್ಜಿ ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟಿದ್ದೇವೆ. ಜಾಗದ ಅಳತೆ, ತಗ್ಗಿನ ಫೋಟೋ, ನೀರಿನ ಪರೀಕ್ಷೆ ಜೋಡಿಸಿದ್ದೇವೆ. ಹಳೆಯ ಮಾಲಕರು ಇಲ್ಲ, ವಾರಸುದಾರರಿಗೆ ಶಕ್ತಿ ಇಲ್ಲ, ಆದ್ದರಿಂದ ಖರ್ಚು ಸರ್ಕಾರ ನೋಡಬೇಕು ಎಂದು ಕೇಳಿದ್ದೇವೆ. ಒಂದು ಪ್ರತಿಗೆ ಶಿಕ್ಕಾ ಹಾಕಿಸಿಕೊಂಡಿದ್ದೇವೆ. ಮೇಜಿನ ಆಚೆಯವರು “ಇಂಥಾ ಅರ್ಜಿ ಇದ ಮದಲ ಬಂದದ್ದು” ಅಂದರು.

ನಿಮ್ಮ ಊರಿನಲ್ಲಿ ಮುಚ್ಚಿದ ಬಣ್ಣದ ಮನೆ, ನಿಂತ ಕಾರ್ಖಾನೆ, ಹುಲ್ಲು ಬೆಳೆಯದ ತಗ್ಗು ಇದ್ದರೆ ನೀವೂ ಎರಡನೆಯ ಅರ್ಜಿ ಕೊಡಿರಿ. ನೀರನ್ನು ಬಾಟಲಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿರಿ. ಗ್ರಾಮಸಭೆಯಲ್ಲಿ ಹೇಳಿ ಠರಾವಿನಲ್ಲಿ ಬರೆಸಿರಿ. ಶಿಕ್ಕಾ ಇಲ್ಲದೆ ಕಾಗದ ಕೊಟ್ಟು ಬರಬೇಡಿರಿ. ಜಾಗ ಕೊಳ್ಳುವ ಮೊದಲು ಉತಾರದ ಜೊತೆ ಬಾಜೂ ಮನೆಯ ಆಯಿಯನ್ನೂ ಒಂದು ಮಾತು ಕೇಳಿರಿ.

ಅಪ್ಪ ಈಗ ವಾರಕ್ಕೊಮ್ಮೆ ಆ ಜಾಗಕ್ಕೆ ಹೋಗಿ ಬರುತ್ತಾರೆ. ಆಟ ಆಡುವ ಮಕ್ಕಳು ಬಾವಿಯ ಫರಸಿ ಸರಿಸಬಾರದು ಎಂದು ಸುತ್ತ ಜಾಲಿ ಮುಳ್ಳು ಕಡಿದು ಹಚ್ಚಿದ್ದಾರೆ. ಅರ್ಜಿಗೆ ಉತ್ತರ ಬಂದ ದಿನ ಅದನ್ನು ಹಿಡಿದುಕೊಂಡು ಮೊದಲು ಕಾಕೂನ ಬಾಗಿಲಿಗೆ ಹೋಗಬೇಕು ಎಂದು ನಾವು ಮಾತಾಡಿಕೊಂಡಿದ್ದೇವೆ.